ಒತ್ತಕ್ಷರಗಳ ಪರೀಕ್ಷೆಗೆ ಕೂತ ಮೂರು ಹಳೆಯ ಲೆನ್ಸ್‌ಗಳು

ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆಂದು (ಲೆನ್ಸಿನ ಮೂಲಕವಲ್ಲದೆ ಪಕ್ಕದ ಕಿಂಡಿಯಲ್ಲಿ ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವಂಥವು) ತಯಾರಾದ ಮೂರು ಲೆನ್ಸ್‌ಗಳು ನನ್ನ ಬಳಿ ಇವೆ: ಸೋವಿಯತ್ ಒಕ್ಕೂಟದ 50 ಮಿ.ಮೀ. ಜುಪಿಟರ್-8, ಅಲ್ಲಿಯದೇ 55 ಮಿ.ಮೀ. ಇಂಡಸ್ಟಾರ್-61 ಮತ್ತು ಜಪಾನಿನ ಕ್ಯಾನನ್ 50 ಮಿ.ಮೀ. ಎಫ್/1.8 (ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಹಾಯುವ ರಂಧ್ರ, ಅಂದರೆ ಅಪರ್ಚರ್, ಕಿರಿದು). ಮೂರೂ 39 ಮಿ.ಮೀ. ತಿರುಪಿನ ಲೈಕಾ ಮೌಂಟಿನವಾದ್ದರಿಂದ (ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಭಾಗ) ಒಂದೇ ಅಡಾಪ್ಟರಿನಿಂದ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾಕ್ಕೆ ಕೂರುತ್ತವೆ. ಇವನ್ನು ಹೋಲಿಸಲು ಕನ್ನಡ ದಿನಪತ್ರಿಕೆಯ ಹಾಳೆಗಳನ್ನು ಗೋಡೆಗೆ ಅಂಟಿಸಿ, ಒಂದೂವರೆ ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು ಚಿತ್ರ ತೆಗೆದೆ. ಇಂಗ್ಲಿಷ್ ಅಕ್ಷರ ಕೊಂಚ ಮಸುಕಾದರೂ ಓದಲು ಬರುತ್ತದೆ. ‘ಲಕ್ಷ್ಮಿ’, ‘ಸ್ತ್ರೀ’ಗಳ ಒತ್ತುಗಳಾದರೋ ಲೆನ್ಸ್ ತುಸು ಸೋತರೂ ಮಸಿಯ ಮುದ್ದೆಯಾಗುತ್ತವೆ.

ಮೊದಲ ಸುತ್ತಿನಲ್ಲಿ ಕ್ಯಾನನ್ ಸೋತಿತು. ಕಪ್ಪು ಶೀರ್ಷಿಕೆಗಳೆಲ್ಲ ಹಾಲು ಬೆರೆತಂತೆ ಬೂದಾಗಿದ್ದವು. ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ನೋಡಿದಾಗ ಅಪರ್ಚರ್‌ಗೆ ಹೊಂದಿಕೊಂಡ ಗಾಜಿನ ಮೇಲೆ ಉಸಿರು ಹಾಯಿಸಿದಂಥ ತೆಳು ಮಂಜು ಕಂಡಿತು. ಈ ಮಾದರಿಯಲ್ಲಿ ಅದು ಸಾಮಾನ್ಯವಾದ ದೋಷ. ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟ ಮೇಲೆ ಅದೇ ಲೆನ್ಸ್ ಎಫ್/2.8ರಲ್ಲಿ ಮೂರರಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಚಿತ್ರ ಕೊಟ್ಟಿತು. ಟಾರ್ಚ್ ಹಾಕಿ ನೋಡದೆ ಹಳೆಯ ಲೆನ್ಸಿನ ಗುಣದೋಷ ಹೇಳುವವರ ಮಾತನ್ನು ಅಂದಿನಿಂದ ನಾನು ಅಷ್ಟಾಗಿ ನಂಬುವುದಿಲ್ಲ.

ನನ್ನನ್ನು ಹೆಚ್ಚು ಕಾಡಿಸಿದ್ದು ಜುಪಿಟರ್. 1930ರ ದಶಕದ ಆರಂಭದಲ್ಲಿ ಜರ್ಮನಿಯ ಝೈಸ್ ಸಂಸ್ಥೆಗಾಗಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಸೊನ್ನಾರ್ ವಿನ್ಯಾಸವೇ ಇದರ ಮೂಲ. ಆರು ಗಾಜುಗಳನ್ನು ಮೂರು ಗುಂಪುಗಳಾಗಿ ಜೋಡಿಸಿರುವುದರಿಂದ ಗಾಳಿಗೆ ತೆರೆದ ಮೈ ಆರೇ. ಆರು ಗಾಜುಗಳನ್ನು ನಾಲ್ಕು ಗುಂಪುಗಳಲ್ಲಿಟ್ಟ ಕ್ಯಾನನ್‌ನಲ್ಲಿ ಅದು ಎಂಟು. ಪ್ರತಿಫಲನ ತಡೆಯುವ ಲೇಪನ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಬೆಳಕು ಪ್ರತಿಫಲಿಸಿ ಹಾಳಾಗುವ ಮೈಗಳು ಕಡಿಮೆಯಿರುವುದು ಸಣ್ಣ ಲಾಭವಾಗಿರಲಿಲ್ಲ. ಆದರೆ ಎಫ್/2ರಲ್ಲಿ ಫೋಕಸ್ ಹೊಂದಿಸಿ ಎಫ್/4ಕ್ಕೆ ಇಳಿಸಿದರೆ ಒತ್ತಕ್ಷರಗಳು ಹರಿತವಾಗುವ ಬದಲು ಮೆತ್ತಗಾದವು. ಮೇಜಿನ ಮೇಲೆ ಅಡಿಕೋಲನ್ನು ಓರೆಯಾಗಿಟ್ಟು ತೆಗೆದಾಗ ಕಾರಣ ತಿಳಿಯಿತು: ಅಪರ್ಚರ್ ಕಿರಿದಾದಂತೆ ಫೋಕಸ್ ಹಿಂದಕ್ಕೆ ಸರಿಯುತ್ತಿತ್ತು. ಪ್ರತಿ ಅಪರ್ಚರ್‌ನಲ್ಲಿಯೂ ಹೊಸದಾಗಿ ಫೋಕಸ್ ಮಾಡಿದ ಮೇಲೆ, ಅದುವರೆಗಿನ ನನ್ನ ಟಿಪ್ಪಣಿಗಳನ್ನೆಲ್ಲ ಹೊಡೆದುಹಾಕಬೇಕಾಯಿತು.

ಇಂಡಸ್ಟಾರ್ ಬಗ್ಗೆ ಹೇಳುವುದು ಕಡಿಮೆ. ನಾಲ್ಕು ಗಾಜುಗಳ ಟೆಸ್ಸಾರ್ ಬಗೆಯ (ಝೈಸ್‌ನದೇ ಇನ್ನೊಂದು ಹಳೆಯ ವಿನ್ಯಾಸ) ಈ ಲೆನ್ಸ್‌ಗೆ ಬೆಳಕನ್ನು ಹೆಚ್ಚು ಬಾಗಿಸುವಂತೆ ಲ್ಯಾಂಥನಮ್ ಎಂಬ ಲೋಹದ ಅಂಶ ಬೆರೆಸಿದ ಗಾಜಿನ ಬಲವಿದೆ. ಎಫ್/8ರಲ್ಲಿ ಹಾಳೆಯ ಮೂಲೆಗಳವರೆಗೂ ತಕರಾರಿಲ್ಲ, ವಿಶೇಷವೂ ಇಲ್ಲ.

ಗೋಡೆ ಬಿಟ್ಟು ಮನುಷ್ಯರ ಮುಖಕ್ಕೆ ಬಂದರೆ ನಾನು ಕೈಗೆತ್ತಿಕೊಳ್ಳುವುದು ಜುಪಿಟರ್ ಅನ್ನೇ. ಕಿಟಕಿಯ ಬಳಿ ಕೂತ ಅಜ್ಜಿಯ ಚಿತ್ರವನ್ನು ಎಫ್/2ರಲ್ಲಿ ತೆಗೆದಾಗ ರೆಪ್ಪೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು, ಕಿವಿಯ ಓಲೆ ಆಗಲೇ ಕರಗತೊಡಗಿತ್ತು. ಫಿಲ್ಮ್‌ಗಾಗಿ ಅದನ್ನು 1959ರ ಮಾದರಿಯಾದ ಕ್ಯಾನನ್ ಪಿ ಕ್ಯಾಮೆರಾಕ್ಕೆ ಹಾಕುತ್ತೇನೆ. ಸೋವಿಯತ್ ಲೆನ್ಸಿನ ಫೋಕಸ್ ಅಳತೆ ಆ ಕ್ಯಾಮೆರಾದ ಅಳತೆಗೆ ಪೂರ್ತಿ ಹೊಂದದೆ, ಒಂದು ಮೀಟರ್ ದೂರದಲ್ಲಿ ಕಣ್ಣಿಗೆ ಹಿಡಿದ ಫೋಕಸ್ ಮೂಗಿನ ತುದಿಗೆ ಬೀಳುತ್ತದೆ. ಹಾಗಾಗಿ ಫೋಕಸ್ ಹೊಂದಿಸಿದ ಮೇಲೆ ಎರಡು ಬೆರಳಿನಷ್ಟು ಮುಂದಕ್ಕೆ ಬಾಗಿ ಕ್ಲಿಕ್ಕಿಸುತ್ತೇನೆ.