ಸಾಫ್ಟ್‌ವೇರ್ ಕೊಳ್ಳುವ ಮೊದಲು ಬಿಡುವ ದಾರಿ ನೋಡಿಕೊಳ್ಳುವುದು ಹೇಗೆ?

ನಾನು ಬೈಕಂಪಾಡಿಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಲೆಕ್ಕ ನೋಡುವವನು. ಮೂರು ವರ್ಷದ ಹಿಂದೆ ನಾವು ಲೆಕ್ಕದ ಸಾಫ್ಟ್‌ವೇರ್ ಬದಲಿಸಿದೆವು. ಹೊಸದನ್ನು ಹಾಕಿಸಲು ಎರಡು ದಿನ ಸಾಕಾಯಿತು, ಹಳೆಯದರಿಂದ ಬಿಡಿಸಿಕೊಳ್ಳಲು ಐದು ತಿಂಗಳು ಹಿಡಿಯಿತು ಮಾರಾಯ್ರೆ! ದೊಡ್ಡ ಕಂಪನಿಗಳ ಜೋರು ಇರುವುದೇ ಇಲ್ಲಿ. ಅವರ ಮಾಲು ಚೆನ್ನಾಗಿರಬಹುದು, ಆದರೆ ಎಷ್ಟೋ ಗಿರಾಕಿಗಳು ಉಳಿಯುವುದು ಬಿಡುವ ತಾಪತ್ರಯಕ್ಕೆ ಹೆದರಿ.

ಹಾಗಾಗಿ ಡೆಮೋ ದಿನವೇ ಮೊದಲ ಕೆಲಸ ಇದು: ನಿಮ್ಮದೇ ಒಂದು ತಿಂಗಳ ಲೆಕ್ಕ ಅದರಲ್ಲಿ ಹಾಕಿಸಿ, ಆಮೇಲೆ ಅಷ್ಟನ್ನೂ ಎಕ್ಸೆಲ್‌ಗೆ ತೆಗೆಸಿ. "ಎಕ್ಸ್‌ಪೋರ್ಟ್ ಉಂಟು ಸರ್" (ಲೆಕ್ಕ ಹೊರಗೆ ತೆಗೆಯಬಹುದು) ಅಂತ ನಮಗೂ ಹೇಳಿದ್ದರು. ಬಂದದ್ದು ಬರೀ ಲೆಡ್ಜರ್ ಬಾಕಿ. ಯಾವ ಲಾಟಿನ ಬೀಜ ಯಾವ ಗೋದಾಮಿನಲ್ಲಿತ್ತು, ಯಾವ ಬಿಲ್ಲಿಗೆ ಯಾವ ದುಡ್ಡು ಬಂತು ಅನ್ನುವುದು ಬರಲೇ ಇಲ್ಲ. ಬಂದರಿನ ಒಬ್ಬ ವ್ಯಾಪಾರಿ ಏಳು ಬಿಲ್ಲಿನ ಹಣವನ್ನು ಚೂರುಚೂರಾಗಿ ಕೊಟ್ಟಿದ್ದರು, ಹೊಸದರಲ್ಲಿ ಅವರ ಹೆಸರಿನ ಮುಂದೆ ಒಂದೇ ಮೊತ್ತ. ತಾರೀಕನ್ನೂ ನೋಡಿಕೊಳ್ಳಿ. 03-04 ಅಂದರೆ ನಮಗೆ ಏಪ್ರಿಲ್ 3, ನಮ್ಮ ಎಕ್ಸೆಲ್ ಅದನ್ನು ಮಾರ್ಚ್ 4 ಮಾಡಿಕೊಂಡಿತು. ಬಿಲ್ಲು ಸೀದಾ ಹಿಂದಿನ ಹಣಕಾಸು ವರ್ಷಕ್ಕೆ ಹೋಯಿತು!

ಬಿಟ್ಟ ಮೇಲೂ ಹಳೆಯ ಲೆಕ್ಕ ತೆರೆದು ನೋಡಲು ಆಗುತ್ತದಾ ಅಂತ ಕೇಳಿ. 2013ರ ಕಂಪನಿ ಕಾಯ್ದೆ ಪ್ರಕಾರ ಕಂಪನಿಗಳು 8 ವರ್ಷದ ಲೆಕ್ಕ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಇದಕ್ಕೆಂದೇ ಒಂದು ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ಉಂಟು. ಆಡಿಟರ್ ಬಂದಾಗ ಧೂಳು ಒರೆಸಿ ಆನ್ ಮಾಡುತ್ತೇವೆ.

ಇನ್ನು ರೇಟು. ಲೈಸೆನ್ಸಿನ ಬೆಲೆ ಒಂದನ್ನೇ ನೋಡಬೇಡಿ, ವರ್ಷವರ್ಷ ಕಟ್ಟುವ ಸಪೋರ್ಟ್ ಹಣ ಸೇರಿಸಿ. ಒರಾಕಲ್ ಎಂಬ ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಕಂಪನಿ ಲೈಸೆನ್ಸ್ ಬೆಲೆಯ 22 ಶೇಕಡಾವನ್ನು ಸಪೋರ್ಟ್‌ಗೆ ತೆಗೆದುಕೊಳ್ಳುವುದು ರೂಢಿ. ಐದು ವರ್ಷದಲ್ಲಿ ಇನ್ನೊಂದು ಲೈಸೆನ್ಸಿನ ದುಡ್ಡಿಗಿಂತ ಜಾಸ್ತಿ ಆಯಿತಲ್ವಾ? "ಇದರ ಜೊತೆ ಅದು ಫ್ರೀ" ಅಂದರೆ, ಅದು ಬೇಡ, ಎಷ್ಟು ಕಡಿಮೆ ಮಾಡುತ್ತೀರಿ ಅಂತ ಕೇಳಿ. ಮೈಕ್ರೋಸಾಫ್ಟ್ ತನ್ನ ಆಫೀಸ್ ಜೊತೆ ಟೀಮ್ಸ್ ಎಂಬ ಚಾಟ್-ಮೀಟಿಂಗ್ ಆ್ಯಪ್ ಕೊಡುವುದರ ಬಗ್ಗೆ, ಅಂಥದ್ದೇ ಆ್ಯಪ್ ಮಾರುವ ಸ್ಲ್ಯಾಕ್ 2020ರಲ್ಲಿ ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತ್ತು. ಟೀಮ್ಸ್ ಇಲ್ಲದ ಪ್ಯಾಕನ್ನು ಕಡಿಮೆ ಬೆಲೆಗೆ ಮಾರುತ್ತೇವೆಂದು ಮೈಕ್ರೋಸಾಫ್ಟ್ ಕೊಟ್ಟ ಮಾತನ್ನು ಕಮಿಷನ್ ಒಪ್ಪಿ ಗಟ್ಟಿ ಮಾಡಿದ್ದು 2025ರಲ್ಲಿ.

ಮಾರಿದವರೇ ಕೈ ಬದಲಾದರೆ? 2003ರಲ್ಲಿ ಒರಾಕಲ್ ತನ್ನ ಎದುರಾಳಿ ಪೀಪಲ್‌ಸಾಫ್ಟನ್ನು ಕೊಳ್ಳಲು ಹೊರಟಿತು, ಆ ಕಂಪನಿ ಬೇಡ ಅಂದರೂ ಬಿಡಲಿಲ್ಲ. ದೊಡ್ಡ ಗಿರಾಕಿಗಳಿಗೆ ಇಂಥ ಸಾಫ್ಟ್‌ವೇರ್ ಮಾರುವ ಕಂಪನಿಗಳು ಇರುವುದೇ ಮೂರು, ಜರ್ಮನಿಯ ಎಸ್‌ಎಪಿ ಸೇರಿಸಿ, ಎರಡಕ್ಕೆ ಇಳಿದರೆ ಬೆಲೆ ಏರುತ್ತದೆ ಅಂತ ಅಮೆರಿಕ ಸರ್ಕಾರವೇ ಕೋರ್ಟಿಗೆ ಹೋಗಿ 2004ರಲ್ಲಿ ಸೋತಿತು. 2005ರ ಜನವರಿಯಲ್ಲಿ ಸುಮಾರು 1,030 ಕೋಟಿ ಡಾಲರಿಗೆ ವ್ಯವಹಾರ ಮುಗಿಯಿತು. ಪೀಪಲ್‌ಸಾಫ್ಟ್ ಬೇಕೆಂದು ಆರಿಸಿಕೊಂಡವರು ಸುಮ್ನೆ ಕೂತಲ್ಲಿಯೇ ಒರಾಕಲ್ ಗಿರಾಕಿಗಳಾದರು!

ನಮ್ಮಂಥವರು ಅದನ್ನು ತಡೆಯಲಿಕ್ಕಾಗದು. ಆದರೆ ಅಡ್ವಾನ್ಸ್ ಕೊಡುವ ಮೊದಲು ಒಪ್ಪಂದದಲ್ಲಿ ಎರಡು ಸಾಲು ಬರೆಸಬಹುದು: ಬಿಡುವಾಗ ಪೂರ್ತಿ ಡೇಟಾ, ಬಿಲ್‌ವಾರು, ಎಷ್ಟು ದಿನದೊಳಗೆ ಕೊಡುತ್ತಾರೆ, ಮತ್ತು ಅದಕ್ಕೆ ಎಷ್ಟು ಹಣ. ಹೊಸದರಲ್ಲಿ ನಾವು 30 ದಿನ ಅಂತ ಬರೆಸಿದ್ದೇವೆ. ಸೇಲ್ಸ್‌ನವರು ಸ್ವಲ್ಪ ಮುಖ ಸಣ್ಣ ಮಾಡಿದರು, ಸಹಿ ಮಾತ್ರ ಹಾಕಿದರು.