ಬರೆ ಕುಸಿಯುವ ಮೊದಲೇ ಊರಿನ ತಂಡ ಕಟ್ಟುವುದು ಹೇಗೆ?

2018ರಲ್ಲಿ ಜೋಡುಪಾಲ, ಮಕ್ಕಂದೂರು. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿ. ಈ ಗುಡ್ಡ ಕುಸಿತಗಳೆಲ್ಲವೂ ಆಗಸ್ಟ್‌ನಲ್ಲೇ. ಕೊಡಗಿನಲ್ಲಿ ಮಳೆ ಜೋರಾದರೆ ಜನ ಈಗ ಮನೆ ಹಿಂದಿನ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ಇಳಿಜಾರನ್ನು, ಒಮ್ಮೆ ನೋಡಿಯೇ ಮಲಗುತ್ತಾರೆ. ರಸ್ತೆ ಕುಸಿದರೆ ಹೊರಗಿನ ರಕ್ಷಣಾ ತಂಡ ಬರುವುದು ತಡ. ಅಲ್ಲಿಯವರೆಗೆ ಊರಿಗೆ ಊರವರೇ ದಿಕ್ಕು.

ಹಾಗಂತ ಗುದ್ದಲಿ ಹಿಡಿದು ಮಣ್ಣಿಗೆ ನುಗ್ಗುವ ತಂಡ ಬೇಡ. ಅಪಾಯದ ರಾತ್ರಿ ಅಪಾಯದ ಮನೆಯಲ್ಲಿ ಯಾರೂ ಇರದಂತೆ ನೋಡಿಕೊಳ್ಳುವ ಹತ್ತು ಹದಿನೈದು ಜನ ಸಾಕು. ಈ ಕೆಲಸದ ಮುಕ್ಕಾಲು ಪಾಲು ಮೇ ತಿಂಗಳಲ್ಲೇ ಮುಗಿದಿರಬೇಕು.

1. ಮನೆ ಪಟ್ಟಿ ಮಾಡಿ

ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ತುಂಬು ಗರ್ಭಿಣಿ, ಯಾವ ಅಜ್ಜಿ ಒಬ್ಬರೇ ಇದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಪಂಚಾಯಿತಿಗೂ ಗೊತ್ತಿರುವುದಿಲ್ಲ. ಬರೆ ಕಡಿದು ಕಟ್ಟಿದ ಮನೆ, ತೋಡಿನ (ಹಳ್ಳದ) ಪಕ್ಕದ ಮನೆಗಳಿಗೆ ಕೆಂಪು ಗುರುತು ಹಾಕಿ. ತೋಟದ ಲೈನ್ ಮನೆಗಳನ್ನು, ಅಂದರೆ ಕೆಲಸಗಾರರ ಸಾಲುಮನೆಗಳನ್ನು, ಮರೆಯಬೇಡಿ. ಹೊರಗಿನಿಂದ ಬಂದ ಕೆಲಸಗಾರರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿ ಸಿಗುವುದಿಲ್ಲ.

ಪ್ರತಿ ಕೆಂಪು ಮನೆಯ ಎದುರು ಇಬ್ಬರ ಹೆಸರು ಬರೆಯಿರಿ. ರಾತ್ರಿ ಆ ಬಾಗಿಲು ತಟ್ಟುವವರು ಅವರು. ಪಟ್ಟಿ ಕಾಗದದಲ್ಲೇ ಇರಲಿ. ಕರೆಂಟು ಹೋದ ಮೇಲೆ ಮೊಬೈಲ್ ನೆಟ್‌ವರ್ಕ್ ಎಷ್ಟು ಹೊತ್ತು ಇರುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ ಅಲ್ವಾ?

2. ಜಾಗ, ದಾರಿ, ದನ

ಜನ ಹೋಗಬೇಕಾದ ಶಾಲೆಯನ್ನೋ ಸಮುದಾಯ ಭವನವನ್ನೋ ಈಗಲೇ ಹೋಗಿ ನೋಡಿ. ಅದರ ಹಿಂದೆಯೂ ಬರೆ ಇದೆಯೇ? ಶೌಚಾಲಯಕ್ಕೆ ನೀರಿದೆಯೇ? ಬೀಗದ ಕೈ ಯಾರ ಹತ್ತಿರ? ಅಲ್ಲಿಗೆ ಹೋಗಲು ಎರಡು ದಾರಿ ಗೊತ್ತಿರಲಿ, ಒಂದಾದರೂ ತೋಡು ದಾಟದ ದಾರಿಯಾಗಿರಲಿ.

ಇನ್ನು ದನ. ಸರ್ಕಾರಿ ಯೋಜನೆಗಳಲ್ಲಿ ಇದು ಕೊನೆಯ ಸಾಲಿನಲ್ಲಿರುತ್ತದೆ, ನನ್ನ ಪ್ರಕಾರ ಮೊದಲ ಸಾಲಿನಲ್ಲಿರಬೇಕು. ‘ಹಸು ಬಿಟ್ಟು ಎಲ್ಲಿಗೆ ಬರೋದು?’ ಎಂದು ಕೂತವರನ್ನು ಎಬ್ಬಿಸುವುದು ಬಲು ಕಷ್ಟ. ಸಮತಟ್ಟಾದ ಕಡೆ ಯಾರದಾದರೂ ಕೊಟ್ಟಿಗೆ, ಒಣಹುಲ್ಲು ಮೊದಲೇ ಗೊತ್ತು ಮಾಡಿಡಿ. ಒಯ್ಯಲು ಆಗದಿದ್ದರೆ ಹಗ್ಗ ಬಿಚ್ಚಿಯಾದರೂ ಬರಬೇಕು.

3. ತರಬೇತಿ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ಕೊಟ್ಟಿದ್ದಾರೆ. ಮುಂದಿನ ತಂಡ ಇದೆಯೇ, ಇದ್ದರೆ ಯಾವಾಗ ಎಂದು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ವಿಭಾಗದಲ್ಲಿ ಕೇಳಿ. ಅಷ್ಟರಲ್ಲಿ ಅಗ್ನಿಶಾಮಕ ಠಾಣೆಯವರನ್ನು ಒಂದು ಭಾನುವಾರ ಊರಿಗೆ ಕರೆಸಿ.

4. ಮಳೆ ಅಳೆಯಿರಿ, ಬರೆ ನೋಡಿ

ಕಾಫಿ ಬೆಳೆಗಾರರು ಮಳೆಯನ್ನು ಇಂಚಿನಲ್ಲಿ ಬರೆದಿಡುತ್ತಾರೆ. ಆ ಲೆಕ್ಕ ದಿನವೂ ತಂಡಕ್ಕೆ ಬರಲಿ. ಹವಾಮಾನ ಇಲಾಖೆಯ ಅಳತೆಯಲ್ಲಿ 24 ಗಂಟೆಗೆ ಸುಮಾರು ಎರಡೂವರೆ ಇಂಚು ದಾಟಿದರೆ ಭಾರಿ ಮಳೆ. ನಾಲ್ಕೂವರೆ ದಾಟಿದರೆ ಅತಿ ಭಾರಿ. ಎಂಟು ದಾಟಿದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ಆದರೆ ಒಂದೇ ದಿನದ ಲೆಕ್ಕ ನಂಬಿ ಕೂರಬೇಡಿ. ವಾರವಿಡೀ ನೆನೆದ ಮಣ್ಣಿಗೆ ಕಡಿಮೆ ಮಳೆಯೂ ಸಾಕಾಗಬಹುದು.

ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕರೆಂಟು ಕಂಬ, ನಿನ್ನೆ ಇರದ ಜಾಗದಲ್ಲಿ ಒರತೆ, ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳದ ಬಾಗಿಲು. ಇವುಗಳಲ್ಲಿ ಒಂದು ಕಂಡರೂ ಮನೆ ಬಿಡಿಸಿ. ಮಳೆಯ ನಡುವೆಯೇ ತೋಡಿನ ನೀರು ಕಡಿಮೆಯಾದರೆ ಖುಷಿ ಪಡಬೇಡಿ. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿ ನಿಂತಿರಬಹುದು.

5. ಆ ಸಂಜೆ

ಕತ್ತಲಾಗುವ ಮೊದಲು ಹೊರಡಿಸಿ. ‘ಬೆಳಿಗ್ಗೆ ನೋಡೋಣ’ ಎನ್ನುವವರ ಜೊತೆ ವಾದ ಮಾಡುತ್ತಾ ಕೂತರೆ ಉಳಿದ ಮನೆಗಳಿಗೆ ತಡವಾಗುತ್ತದೆ. ಅವರು ಮಾತು ಕೇಳುವ ನೆಂಟರಿಗೋ ಊರಿನ ಹಿರಿಯರಿಗೋ ಫೋನ್ ಮಾಡಿ ಕೊಡಿ. ಹೊರಡುವಾಗ ಗ್ಯಾಸ್, ಮೇನ್ ಸ್ವಿಚ್ ಬಂದ್. ಮಾತ್ರೆ, ಆಧಾರ್, ಜಾಗದ ಪತ್ರ ಪ್ಲಾಸ್ಟಿಕ್ ಚೀಲದಲ್ಲಿ.

ಒಬ್ಬೊಬ್ಬರೇ ಓಡಾಡಬೇಡಿ. ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲನ್ನು ಎಳೆಯಬಲ್ಲದು. ಕೊಚ್ಚಿ ಹೋಗುತ್ತಿರುವವರಿಗೆ ಹಗ್ಗ ಕಟ್ಟಿದ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ, ನೀವು ಇಳಿಯಬೇಡಿ. ತಂತಿ ಮೇಲೆ ಬಿದ್ದ ಮರ ಕಡಿಯುವ ಮೊದಲು ಲೈನ್‌ಮನ್ ‘ಆಫ್ ಆಗಿದೆ’ ಎನ್ನಬೇಕು.

112ಕ್ಕೋ, ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೋ ಕರೆ ಮಾಡಲು ಒಬ್ಬರೇ ಇರಲಿ. ಜಾಗ, ಹತ್ತಿರದ ಗುರುತು, ಎಷ್ಟು ಜನ, ಯಾವ ರಸ್ತೆ ತೆರೆದಿದೆ, ಇಷ್ಟು ಹೇಳಿದರೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಕುಸಿತದ ವಿಡಿಯೊವನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಹಳೆಯದೋ ಬೇರೆ ರಾಜ್ಯದ್ದೋ ಆಗಿರುವುದೇ ಜಾಸ್ತಿ.

6. ಕಾಳಜಿ ಕೇಂದ್ರದಲ್ಲಿ

ಜನ ಬಂದು ಉಳಿಯುವ ಆ ಶಾಲೆ ಅಥವಾ ಭವನದಲ್ಲಿ ಬಂದವರ ಹೆಸರನ್ನು ಮನೆ ಪಟ್ಟಿಯ ಜೊತೆ ತಾಳೆ ನೋಡಿ. ಕಾಣದವರ ಹೆಸರು ತಕ್ಷಣ ಗೊತ್ತಾಗುತ್ತದೆ. ದಾನಿಗಳಿಗೆ ‘ಏನಾದರೂ ಕಳಿಸಿ’ ಎಂದರೆ ಹಳೆ ಬಟ್ಟೆಯ ಮೂಟೆ ಬರುತ್ತದೆ. ಬಿ.ಪಿ., ಶುಗರ್ ಮಾತ್ರೆ, ಸ್ಯಾನಿಟರಿ ಪ್ಯಾಡ್, ಒಳ ಉಡುಪು, ಟಾರ್ಚ್ ಎಂದು ಬಿಡಿಸಿ ಕೇಳಿ.

ಕುಸಿದ ಜಾಗಕ್ಕೆ ಯಾರನ್ನೂ ನೋಡಲು ಬಿಡಬೇಡಿ, ಅಲ್ಲೇ ಮತ್ತೆ ಕುಸಿಯಬಹುದು. ಅಧಿಕಾರಿಗಳು ಹೇಳಿದ ಮೇಲೆ ಮನೆಗೆ ಮರಳಿದವರು ಕೆಸರು ತೊಳೆಯುವ ಮೊದಲು ಗೋಡೆ, ಸಾಮಾನು, ತೋಟದ ಫೋಟೊ ತೆಗೆದಿಟ್ಟುಕೊಳ್ಳಲಿ. ಪರಿಹಾರದ ಅರ್ಜಿ ಹಿಡಿದು ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ಹತ್ತಿರ ಹೋದಾಗ ಅವು ಬೇಕಾಗುತ್ತವೆ.