ನೆಲ್ಲಿಕಾಯಿ ದಿನಕ್ಕೆ ಒಂದು ಸಾಕು

ಕಾರ್ತಿಕದ ತುಳಸಿ ಪೂಜೆ ಹತ್ತಿರ ಬಂತೆಂದರೆ ದಾವಣಗೆರೆ ಮಾರ್ಕೆಟ್ಟಿನಲ್ಲಿ ಬೆಟ್ಟದ ನೆಲ್ಲಿಕಾಯಿ ರಾಶಿ ಬೀಳುತ್ತದೆ. ಪೂಜೆಗೆ ಕಾಯಿ ಬಿಟ್ಟ ಟೊಂಗೆ ತರುತ್ತೇವೆ, ಜೊತೆಗೆ ತಿನ್ನಲು ಒಂದಿಷ್ಟು. ಈಗೀಗ ಮಕ್ಕಳು ಅದನ್ನು ಲೋಟದ ತುಂಬ ಜ್ಯೂಸ್ ಮಾಡಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಗಟಗಟ ಕುಡಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಲೋಟಕ್ಕೆ ಹಿಂಡಿದಷ್ಟು ಕಾಯಿಯನ್ನು ಕಚ್ಚಿ ತಿನ್ನಲು ಆಗುತ್ತದಾ? ಅಷ್ಟು ಹುಳಿ ಒಮ್ಮೆಗೇ ಬಿದ್ದರೆ ಕೆಲವರಿಗೆ ಎದೆ ಉರಿಯುತ್ತದೆ, ಕೆಲವರಿಗೆ ಭೇದಿಯಾಗುತ್ತದೆ.

ಆಯುರ್ವೇದದ ಪ್ರಕಾರ ನೆಲ್ಲಿಯಲ್ಲಿ ಉಪ್ಪೊಂದು ಬಿಟ್ಟು ಉಳಿದ ಐದೂ ರುಚಿ ಇದೆ. ಹುಳಿಯಾದರೂ ದೇಹಕ್ಕೆ ತಂಪು, ಪಿತ್ತ ಇಳಿಸುತ್ತದೆ. ಅಳಲೆ, ತಾರೆಕಾಯಿ ಜೊತೆ ಸೇರಿದರೆ ಅದೇ ತ್ರಿಫಲಾ. ಗುಣ ಎಷ್ಟೇ ಇರಲಿ, ಮಿತಿ ಬೇಕಲ್ವಾ?

ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ತಲೆಗೊಂದು ಕಾಯಿ. ಹೋಳು ಮಾಡಿ, ಚಿಟಿಕೆ ಉಪ್ಪು ಹಚ್ಚಿ, ನಿಧಾನ ಅಗಿಯಬೇಕು. ಮೊದಲು ಒಗರು ನಾಲಿಗೆ ಹಿಡಿಯುತ್ತದೆ, ಆಮೇಲೆ ಬಾಯಿ ತುಂಬ ಜೊಲ್ಲೂರುತ್ತದೆ. ಜೀರ್ಣಕ್ಕೆ ಆ ಜೊಲ್ಲೇ ಬೇಕು, ಜ್ಯೂಸ್ ಕುಡಿದರೆ ಅದು ಎಲ್ಲಿ ಬರುತ್ತದೆ? ಮೇಲೆ ಒಂದು ಗುಟುಕು ನೀರು ಕುಡಿದು ನೋಡಿ, ನೀರೇ ಸಿಹಿ ಅನಿಸುತ್ತದೆ. ಬೆಣ್ಣೆದೋಸೆಯೋ ಮಿರ್ಚಿ ಮಂಡಕ್ಕಿಯೋ ಜಾಸ್ತಿಯಾದ ದಿನ ನನಗೆ ಇದು ಬಹಳ ಹಿತ. ತಿಂದ ಮೇಲೆ ಬಾಯಿ ಮುಕ್ಕಳಿಸಿ, ಹುಳಿ ಹಲ್ಲಿನ ಮೇಲೆ ಕೂರಬಾರದು.

ಬಿಪಿ ಇದ್ದವರು ಉಪ್ಪಿನಕಾಯಿ, ತೊಕ್ಕು ನೆಚ್ಚಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಪಾಕದ ನೆಲ್ಲಿ ಬೇಡವೇ ಬೇಡ. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಿ.

ಬೇಸಿಗೆಯಲ್ಲಿ ಒಳ್ಳೆ ಕಾಯಿ ಸಿಗುವುದು ಕಷ್ಟ. ಹಾಗಾಗಿ ಚಳಿಗಾಲದಲ್ಲೇ ನೆಲ್ಲಿಚಟ್ಟು ಮಾಡಿಡಿ. ಕಾಯಿ ಬೇಯಿಸಿ, ಆರಿದ ಮೇಲೆ ಹೆಬ್ಬೆರಳಲ್ಲಿ ಒತ್ತಿದರೆ ಗೆರೆಗಳ ಜಾಡಿನಲ್ಲೇ ಹೋಳು ಬಿಡುತ್ತವೆ, ಚಾಕುವೇ ಬೇಡ. ಬೀಜ ತೆಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಡಬ್ಬಿಗೆ ತುಂಬಿ. ಬೇಕಾದಾಗ ನಾಲ್ಕು ಹೋಳು ನೆನೆಸಿ, ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆಗೆ ಕಲಸಿ ಅನ್ನದ ಜೊತೆ ಉಣ್ಣಿ.